ಬೆರಳು ಬೇಡ, ಕಣೆ ಸಾಕು

ಶಿರಸಿ, ಸಿದ್ದಾಪುರದ ಕಡೆ ಆಲೆಮನೆಗೆ ಹೋದವರು ಕಣೆಗೆ, ಅಂದರೆ ಗಾಣದಲ್ಲಿ ಕಬ್ಬು ಅರೆಯುವ ಉರುಳೆಗೆ, ಕಬ್ಬು ಕೊಡುವವನ ಕೈಯನ್ನು ಗಮನಿಸಿರಬಹುದು. ಅವನು ಕಬ್ಬನ್ನು ಒಳಗೆ ದೂಡುವುದಿಲ್ಲ. ತುದಿ ತಾಗಿಸಿ ಬಿಡುತ್ತಾನೆ, ಅಷ್ಟೆ. ಉಳಿದದ್ದನ್ನು ಕಣೆಯೇ ಎಳೆದುಕೊಳ್ಳುತ್ತದೆ. ತುದಿ ನಾಲ್ಕು ಬೆರಳು ಮೇಲೆ ಕೆಳಗೆ ಆದರೂ ಅದಕ್ಕೆ ತಕರಾರಿಲ್ಲ. ಸ್ಪರ್ಧೆಗೆ ಚೆಂಡು ಎತ್ತುವ ರೋಬೋಟ್ ಕಟ್ಟಲು ಹೊರಟ ಹುಡುಗರು ಮೊದಲು ನೋಡಬೇಕಾದ್ದು ಇದನ್ನು. ಅವರು ನೋಡುವುದು ತಮ್ಮ ಅಂಗೈಯನ್ನು. ಐದು ಬೆರಳು, ಗೆಣ್ಣಿಗೊಂದು ಸರ್ವೋ ಎಂಬ ಪುಟ್ಟ ಮೋಟರು, ಅದರ ಮೇಲೆ ನೂಲಿನ ಜಾಲ. ಪ್ರದರ್ಶನದಲ್ಲಿ ಚಪ್ಪಾಳೆ ಬೀಳುತ್ತದೆ, ಪಂದ್ಯದಲ್ಲಿ ಚೆಂಡು ಬೀಳುತ್ತದೆ.

ಮನುಷ್ಯನ ಕೈ ಚೆನ್ನಾಗಿ ಹಿಡಿಯುವುದು ಅದರ ಹಿಂದೆ ಕಣ್ಣು, ಮಿದುಳು, ಚರ್ಮದ ಸ್ಪರ್ಶ ಇರುವುದರಿಂದ. ಅವನ್ನೆಲ್ಲ ಕಿತ್ತು ಬರೀ ಬೆರಳು ನಕಲು ಮಾಡಿದರೆ ಉಳಿಯುವುದು ಇಕ್ಕಳ. ಇಕ್ಕಳ ಕೆಟ್ಟದ್ದೆಂದಲ್ಲ. 1961ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಾರ್ಖಾನೆಯಲ್ಲಿ ಬಿಸಿ ಎರಕದ ತುಂಡುಗಳನ್ನು ಎತ್ತಿಡಲು ನಿಂತ ರೋಬೋಟ್ ಯುನಿಮೇಟ್‌ಗೆ ಇದ್ದದ್ದೂ ಇಕ್ಕಳದಂಥ ಕೈಯೇ. ಆದರೆ ಅಲ್ಲಿ ತುಂಡು ಪ್ರತಿಸಲವೂ ಅದೇ ಜಾಗಕ್ಕೆ ಬರುತ್ತಿತ್ತು. ಸ್ಪರ್ಧೆಯ ಅಂಗಳದಲ್ಲಿ ಚೆಂಡು ಎಲ್ಲಿಗೆ ಬೇಕಾದರೂ ಉರುಳುತ್ತದೆ. ಶಾಲಾ ಮಕ್ಕಳಿಗೆ ರೋಬೋಟ್ ಸ್ಪರ್ಧೆ ನಡೆಸುವ ಅಮೆರಿಕದ ಫಸ್ಟ್ ಸಂಸ್ಥೆ 1992ರಲ್ಲಿ ನಡೆಸಿದ ತನ್ನ ಮೊದಲ ಸ್ಪರ್ಧೆಯಲ್ಲಂತೂ ಅಂಗಳಕ್ಕೆ ಮೆಕ್ಕೆಜೋಳ ಹರವಿ, ಅದರ ಮೇಲೆ ಟೆನಿಸ್ ಚೆಂಡು ಹೆಕ್ಕಿಸಿದ್ದರು. ಬೆರಳಿನ ಇಕ್ಕಳಕ್ಕೆ ರೋಬೋಟು ಒಂದೆರಡು ಸೆಂಟಿಮೀಟರ್ ಲೆಕ್ಕದಲ್ಲಿ ಬಂದು ನಿಲ್ಲಬೇಕು. ಅಡ್ಡಕ್ಕೆ ಕೂರಿಸಿದ 40 ಸೆಂ.ಮೀ. ಉದ್ದದ ಕಣೆಗೆ ಚೆಂಡು ಎಲ್ಲಿ ತಾಗಿದರೂ ಆಯಿತು.

ಇಷ್ಟು ಹೇಳಿದ ಮೇಲೆ ಎಲ್ಲರೂ ಎರಡು ಪಿವಿಸಿ ಪೈಪು ಜೋಡಿಸಿ, ಎದುರುಬದುರು ತಿರುಗಿಸುತ್ತಾರೆ. ಚೆಂಡು ಒಳಗೆ ಬರುವುದಿಲ್ಲ, ಬಾಯಲ್ಲಿ ಕುಣಿಯುತ್ತ ನಿಲ್ಲುತ್ತದೆ. ಆಗ ಎಲ್ಲರಿಗೂ ಹೊಳೆಯುವ ಮದ್ದು ಒಂದೇ: ಸಂದು ಕಿರಿದು ಮಾಡು, ಇನ್ನೂ ಬಿಗಿ ಹಿಡಿಯಲಿ. ಚೆಂಡು ಇನ್ನೂ ದೂರ ಹಾರುತ್ತದೆ.

ಯಾಕೆ ಹಾರುತ್ತದೆ ಎಂದು ತಿಳಿಯಲು ಹಲಸಿನ ಬೇಳೆಯೊಂದು ಸಾಕು. ಈಗಷ್ಟೇ ತೊಳೆಯಿಂದ ಬಿಡಿಸಿದ, ಲೋಳೆ ಆರದ ಬೇಳೆಯನ್ನು ಎರಡು ಬೆರಳ ನಡುವೆ ಒತ್ತಿ. ಪುಳಕ್ಕನೆ ಜಾರಿ ಹಾರುತ್ತದೆ. ಜೋರಾಗಿ ಒತ್ತಿದಷ್ಟೂ ದೂರ. ದುಂಡಗಿನ ವಸ್ತುವನ್ನು ಅದರ ಸೊಂಟಕ್ಕಿಂತ ಈಚೆ ಒತ್ತಿದರೆ ಒತ್ತಡದ ಒಂದು ಪಾಲು ಅದನ್ನು ಹೊರಕ್ಕೆ ತಳ್ಳುತ್ತದೆ. ಒಳಕ್ಕೆ ಎಳೆಯುವುದು ತಿರುಗುವ ಕಣೆಯ ಘರ್ಷಣೆ ಮಾತ್ರ. ಸ್ವಾರಸ್ಯ ಇಲ್ಲಿದೆ: ಒತ್ತಡ ಇಮ್ಮಡಿಯಾದರೆ ತಳ್ಳುವ ಬಲವೂ ಇಮ್ಮಡಿ, ಎಳೆಯುವ ಬಲವೂ ಇಮ್ಮಡಿ. ಜಗಳದಲ್ಲಿ ಗೆಲ್ಲುವವರು ಬದಲಾಗುವುದಿಲ್ಲ. ಗೋಡೆಗೆ ಒರಗಿಸಿದ ಏಣಿ ಜಾರುವುದೂ ಹೀಗೇ. ಬುಡವನ್ನು ತೀರಾ ದೂರ ಇಟ್ಟಿದ್ದರೆ ಸಣಕಲ ಹತ್ತಿದರೂ ಜಾರುತ್ತದೆ, ದಢೂತಿ ಹತ್ತಿದರೂ ಜಾರುತ್ತದೆ. ತೀರ್ಮಾನ ಮಾಡುವುದು ಎರಡೇ: ಕೋನ, ಮೈಯ ಒರಟು.

ಆ ಕೋನ ಯಾವುದು? ಚೆಂಡಿನ ನಡುವಿನಿಂದ ಕಣೆಯ ನಡುವಿಗೆ ಒಂದು ಗೆರೆ ಎಳೆಯಿರಿ. ಎರಡು ಕಣೆಗಳ ನಡುವನ್ನು ಕೂಡಿಸುವ ಗೆರೆಯೊಡನೆ ಅದು ಮಾಡುವ ಕೋನವೇ ಕಚ್ಚುವ ಕೋನ. 12 ಸೆಂ.ಮೀ. ಚೆಂಡು, 5 ಸೆಂ.ಮೀ. ವ್ಯಾಸದ ಕಣೆಗಳು, ನಡುವೆ 10 ಸೆಂ.ಮೀ. ಸಂದು ಎಂದಿಟ್ಟುಕೊಂಡರೆ ಕೋನ 28 ಡಿಗ್ರಿ. ಸಂದನ್ನು 8ಕ್ಕೆ ಇಳಿಸಿ ನೋಡಿ, 40 ಡಿಗ್ರಿ! ಬಿಗಿ ಮಾಡಲು ಹೋಗಿ ಹೊರದಬ್ಬುವವನ ಪಕ್ಷ ಸೇರಿದಂತಾಯಿತು. ಬದಲಿಗೆ ಸಂದು 10ರಲ್ಲೇ ಬಿಟ್ಟು ಕಣೆಯನ್ನು 10 ಸೆಂ.ಮೀ. ದಪ್ಪ ಮಾಡಿದರೆ ಕೋನ 25ಕ್ಕೆ ಇಳಿಯುತ್ತದೆ.

ನಿಮ್ಮ ಕಣೆಯ ಮೈ ಎಷ್ಟು ಕೋನ ತಾಳುತ್ತದೆ ಎಂದು ಅಳೆಯಲು ಉಪಕರಣ ಬೇಡ. ಒಂದು ಹಲಗೆಗೆ ಸೈಕಲ್ ಟ್ಯೂಬು ಸೀಳಿ ಅಂಟಿಸಿ. ಒಂದೇ ಚೆಂಡು ಇಟ್ಟರೆ ಉರುಳಿಹೋಗುತ್ತದೆ, ಆದ್ದರಿಂದ ಮೂರು ಚೆಂಡುಗಳನ್ನು ತ್ರಿಕೋನವಾಗಿ ಒಂದಕ್ಕೊಂದು ಅಂಟಿಸಿ ಮೇಲಿಡಿ. ಹಲಗೆಯ ಒಂದು ತುದಿಯನ್ನು ಮೆಲ್ಲಗೆ ಎತ್ತುತ್ತ ಹೋಗಿ. ಚೆಂಡುಗಳು ಜಾರಿದಾಗ ಹಲಗೆಯ ಓರೆ ಎಷ್ಟಿತ್ತೋ ಅದೇ ನಿಮ್ಮ ಮಿತಿ. ಕಚ್ಚುವ ಕೋನ ಅದಕ್ಕಿಂತ ಐದು ಡಿಗ್ರಿಯಾದರೂ ಕಡಿಮೆ ಇರಲಿ. ನುಣುಪು ಪಿವಿಸಿ ಸಾಮಾನ್ಯವಾಗಿ 20ರ ಆಸುಪಾಸಿನಲ್ಲೇ ಕೈಬಿಡುತ್ತದೆ, ಟ್ಯೂಬಿನ ರಬ್ಬರು 30 ದಾಟುತ್ತದೆ. ಪೈಪಿಗೆ ಟ್ಯೂಬು ಸುತ್ತಿದ್ದೇ ತಡ ಕುಣಿಯುತ್ತಿದ್ದ ಚೆಂಡು ತೆಪ್ಪಗೆ ಒಳಬರುವುದು ಇದಕ್ಕೇ.

12 ಸೆಂ.ಮೀ. ಚೆಂಡು 10ರ ಸಂದಿನಲ್ಲಿ ತೂರಬೇಕಾದರೆ ಏನಾದರೊಂದು ಬಗ್ಗಲೇಬೇಕು. ಚೆಂಡು ಗಟ್ಟಿಯಾಗಿದ್ದರೆ ಒಂದು ಕಣೆಯನ್ನು ಕೀಲಿನ ಮೇಲೆ ಕೂರಿಸಿ, ಟ್ಯೂಬಿನ ಪಟ್ಟಿಯಿಂದ ಎಳೆದು ಕಟ್ಟಿ. ಬೇರಿಂಗ್ ಕೂರುವ ತಟ್ಟೆಗೆ ದುಂಡು ತೂತು ಕೊರೆಯದೆ ಉದ್ದನೆಯ ಸೀಳು ತೆಗೆಯಿರಿ, ಸಂದನ್ನು ಬೇಕಾದಂತೆ ಸರಿಸಬಹುದು. ಮೊದಲ ಲೆಕ್ಕವೇ ಸರಿಯಾಗಿರುವುದು ಅಪರೂಪ.

ವೇಗದ ವಿಚಾರಕ್ಕೆ ಕಾರವಾರದ ಕಡಲತಡಿಗೆ ಬನ್ನಿ. ಮರದ ದಿಂಡುಗಳ ಮೇಲೆ ದೋಣಿ ಎಳೆಯುವಾಗ ದಿಂಡುಗಳು ಹಿಂದೆ ಉಳಿಯುತ್ತವೆ, ಅವನ್ನು ಹೊತ್ತು ಮತ್ತೆ ಮುಂದಕ್ಕೆ ಹಾಕಬೇಕು. ಕೆಳಗೆ ನಿಂತ ಮರಳು, ಮೇಲೆ ಓಡುವ ದೋಣಿ. ನಡುವಿನ ದಿಂಡಿಗೆ ದೋಣಿಯ ಅರ್ಧ ವೇಗ ಮಾತ್ರ. ಒಂದು ಕಡೆ ಕಣೆ, ಇನ್ನೊಂದು ಕಡೆ ಬರೀ ಹಲಗೆ ಇಟ್ಟರೆ ಚೆಂಡಿಗೂ ಅದೇ ಗತಿ. ಆದ್ದರಿಂದ ಕಣೆಯ ಮೈವೇಗ ರೋಬೋಟಿನ ವೇಗದ ಎರಡರಷ್ಟಿರಲಿ. ರೋಬೋಟು ಸೆಕೆಂಡಿಗೆ 1.5 ಮೀಟರ್ ಓಡಿದರೆ ಕಣೆಗೆ 3 ಮೀಟರ್ ಬೇಕು, ಅಂದರೆ 5 ಸೆಂ.ಮೀ. ಕಣೆ ನಿಮಿಷಕ್ಕೆ ಸುಮಾರು 1150 ಸುತ್ತು. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ 300 ಸುತ್ತಿನ ಗೇರ್ ಮೋಟರನ್ನು ನೇರ ಜೋಡಿಸಿದರೆ ಸೆಕೆಂಡಿಗೆ 80 ಸೆಂ.ಮೀ. ಕೂಡ ಬರುವುದಿಲ್ಲ. ರೋಬೋಟೇ ಚೆಂಡನ್ನು ಮುಂದಕ್ಕೆ ಅಟ್ಟಿಕೊಂಡು ಹೋಗುತ್ತದೆ.

ಚೆಂಡು ಸಿಕ್ಕಿಕೊಂಡು ಮೋಟರ್ ನಿಂತುಬಿಟ್ಟರೆ ಕರೆಂಟು ಹಲವು ಪಟ್ಟು ಏರುತ್ತದೆ. ಮೋಟರಿಗೆ ಕರೆಂಟು ಹಾಯಿಸಲು ಎಲ್ಲರ ಕೈಯಲ್ಲೂ ಇರುವ ಎಲ್298ಎನ್ ಡ್ರೈವರ್ ಎಂಬ ಬಿಲ್ಲೆ ಒಂದೊಂದು ಮೋಟರಿಗೆ ತಾಳುವುದು 2 ಆಂಪಿಯರ್. ಮೊದಲು ಹೋಗುವುದು ಅದೇ. ಆದ್ದರಿಂದ ರೋಬೋಟು ನಡೆಸುವವನ ಕೈಗೆ ಕಣೆಯನ್ನು ಹಿಂದಕ್ಕೆ ತಿರುಗಿಸುವ ಗುಂಡಿ ಕೊಟ್ಟಿರಲೇಬೇಕು.

ಕಣೆ ಸೋಲುವ ಜಾಗವೂ ಇದೆ. ಏಷ್ಯಾ-ಪೆಸಿಫಿಕ್ ದೇಶಗಳ ಕಾಲೇಜು ತಂಡಗಳ ರೋಬೋಟ್ ಸ್ಪರ್ಧೆಯಾದ ಎಬಿಯು ರೋಬೋಕಾನ್ 2024ರಲ್ಲಿ ವಿಯೆಟ್ನಾಮಿನಲ್ಲಿ ನಡೆದಾಗ ವಿಷಯ ಸುಗ್ಗಿ. ಸಸಿ ನೆಡುವುದು, ಕಾಳೆಂಬ ಚೆಂಡನ್ನು ಕಣಜಕ್ಕೆ ತುಂಬುವುದು. ನೇರಳೆ ಚೆಂಡುಗಳು ಜೊಳ್ಳು. ಅಂಕೋಲೆಯ ಗದ್ದೆಯವರಿಗೆ ನಿಯಮ ವಿವರಿಸುವ ಕೆಲಸವೇ ಇಲ್ಲ. ಅಲ್ಲಿ ಕಾಳಿಗೆ ಕಣೆ ಸರಿ. ಸಸಿಯನ್ನು ನೆಟ್ಟಗೆ ನಿಲ್ಲಿಸಲು ಇಕ್ಕಳವೇ ಬೇಕು. ಆಗ ಲೆಕ್ಕ ಸರಳ: ಅರ್ಧ ಕಿಲೋ ವಸ್ತು, ಘರ್ಷಣಾಂಕ (ಮೈಯ ಒರಟಿನ ಅಳತೆ) 0.5 ಆದರೆ ಇಕ್ಕಳದ ಪ್ರತಿ ದವಡೆ 5 ನ್ಯೂಟನ್ ಒತ್ತಬೇಕು. ರೋಬೋಟು ಜರ್ಕು ಹೊಡೆಯುತ್ತದೆಂದು ಅದನ್ನು 15 ಮಾಡಿಕೊಳ್ಳಿ.

ಇನ್ನು ಪಂದ್ಯದ ದಿನ ಬೆಳಿಗ್ಗೆ. ಕರಾವಳಿಯ ಉಪ್ಪುಗಾಳಿಗೆ ಕಬ್ಬಿಣದ ದಂಡ ರಾತ್ರಿ ಬೆಳಗಾಗುವುದರಲ್ಲಿ ತುಕ್ಕು ಬಿಟ್ಟಿರಬಹುದು, ಕೈಯಲ್ಲಿ ತಿರುಗಿಸಿ ನೋಡಿ. ರಬ್ಬರನ್ನು ಸ್ಪಿರಿಟ್‌ನಲ್ಲಿ ಒರೆಸಿ. ನೆಲದ ಧೂಳು ಕೂತರೆ ಹಲಗೆಯ ಲೆಕ್ಕ ಎಲ್ಲ ತಲೆಕೆಳಗು. ಚಕ್ರದಡಿ ಲಿಂಬೆಹಣ್ಣು ಇಟ್ಟು ಆರತಿ ಎತ್ತುವ ತಂಡಗಳಿವೆ. ಕಣೆಯ ಮೇಲೆ ಬಿದ್ದ ಒಂದು ಹನಿ ದೀಪದೆಣ್ಣೆ ರಬ್ಬರನ್ನು ಮತ್ತೆ ಹಲಸಿನ ಬೇಳೆ ಮಾಡುತ್ತದೆ, ಕುಂಕುಮದ ಹುಡಿ ಸೆನ್ಸರ್‌ನ ಕಣ್ಣು ಮುಚ್ಚುತ್ತದೆ. ಹಚ್ಚಲೇಬೇಕೆಂದಿದ್ದರೆ ಹಿಂದಿನ ತಗಡಿಗೆ ಹಚ್ಚಿ.