ಮಂಜಿನೊಳಗಿನ ಅಮ್ಮ

ಯುಜೀನ್ ಕ್ಯಾರಿಯೇರ್ ಬರೆದ ತಾಯಿ-ಮಗುವಿನ ಚಿತ್ರವನ್ನು ಮೊದಲ ಸಲ ನೋಡಿದವರು ಕಣ್ಣುಜ್ಜಿಕೊಂಡರೆ ಆಶ್ಚರ್ಯವಿಲ್ಲ. ಇಡೀ ಕ್ಯಾನ್ವಾಸ್ ಕಂದು. ಆ ಕಂದಿನೊಳಗಿಂದ ಒಂದು ಹಣೆ, ಒಂದು ಕೆನ್ನೆ, ಮಗುವನ್ನು ತಬ್ಬಿದ ಕೈ ಮೆಲ್ಲಗೆ ತೇಲಿ ಬರುತ್ತವೆ. ಗೋಡೆ ಎಲ್ಲಿ, ಕುರ್ಚಿ ಎಲ್ಲಿ, ಅಮ್ಮನ ಉಡುಪು ಎಲ್ಲಿ ಮುಗಿಯಿತು, ಒಂದೂ ತಿಳಿಯುವುದಿಲ್ಲ.

ಕ್ಯಾರಿಯೇರ್ (1849–1906) ಫ್ರಾನ್ಸಿನವರು, ಶಿಲ್ಪಿ ರೋಡಿನ್ ಅವರ ಆಪ್ತ ಗೆಳೆಯ. ಹೆಂಡತಿ ಸೋಫಿ ಮತ್ತು ಮಕ್ಕಳನ್ನೇ ಎದುರಿಗೆ ಕೂರಿಸಿಕೊಂಡು 'ತಾಯ್ತನ' ಎಂಬ ಹೆಸರಿನಲ್ಲಿ ಹಲವು ಸಲ ಬರೆದರು. ಅದೇ ಕಾಲದಲ್ಲಿ ಚಿತ್ರಕಾರ ಮೋನೆಯಂಥವರು ಕ್ಯಾನ್ವಾಸ್ ತುಂಬ ಬಿಸಿಲಿನ ಬಣ್ಣ ತುಂಬುತ್ತಿದ್ದರು. ಕ್ಯಾರಿಯೇರ್ ಬಹುತೇಕ ಬಣ್ಣವನ್ನೇ ಬಿಟ್ಟರು. ಕಣ್ಣಿಗೆ ಕಂಡದ್ದಕ್ಕಿಂತ ಒಳಗೆ ಅನಿಸಿದ್ದು ದೊಡ್ಡದು ಎಂದು ನಂಬಿದ ಸಾಂಕೇತಿಕ ಪಂಥದವರಿಗೆ ಈ ಚಿತ್ರಗಳು ಹತ್ತಿರವಾದವು.

ಆ ಬೆಳಕು ಬಂದ ಬಗೆ ನನಗೆ ತುಂಬಾ ಇಷ್ಟ. ಮೊದಲು ತಿಳಿ ಬಣ್ಣದ ಹಾಸು. ಅದರ ಮೇಲೆ ಕಂದು ತೈಲವರ್ಣದ ತೆಳು ಪದರ. ತೈಲವರ್ಣದಲ್ಲಿ ಸಾಮಾನ್ಯವಾಗಿ ಇರುವುದು ಅಗಸೆ ಎಣ್ಣೆ. ಅದು ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ. ಅದಕ್ಕೆ ದಿನಗಳೇ ಬೇಕು. ಹಾಗಾಗಿ ಹಸಿ ಬಣ್ಣವನ್ನು ಬಟ್ಟೆಯಿಂದ ಒರೆಸಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಒರೆಸಿದ ಕಡೆ ಬೆಳಕು ತೆಳು ಪದರವನ್ನು ದಾಟಿ, ಕೆಳಗಿನ ತಿಳಿ ಹಾಸಿನ ಮೇಲೆ ಬಿದ್ದು ಮರಳಿ ಬರುತ್ತದೆ. ಅಮ್ಮನ ಹಣೆ ಒಳಗಿನಿಂದಲೇ ಬೆಳಗಿದಂತೆ ಕಾಣುವುದು ಇದರಿಂದ. ಅಂದರೆ ಬಳಿದು ಮಾಡಿದಷ್ಟೇ, ಒರೆಸಿ ಮಾಡಿದ ಚಿತ್ರ ಅದು.

ಇಷ್ಟು ಮಸುಕಾಗಿದ್ದರೂ ಅದು ಮುಖ ಎಂದು ತಟ್ಟನೆ ಹೇಗೆ ಗೊತ್ತಾಗುತ್ತದೆ? ಮನೆಯ ಯಾವುದಾದರೂ ಫೋಟೋವನ್ನು ಕಣ್ಣು ಅರೆ ಮುಚ್ಚಿ ನೋಡಿ. ರೆಪ್ಪೆ, ಸುಕ್ಕು ಎಲ್ಲ ಅಳಿಸಿಹೋಗುತ್ತವೆ, ಆದರೂ ಅಕ್ಕ ಯಾರು, ಅಜ್ಜಿ ಯಾರು ಅಂತ ಗೊತ್ತಾಗುತ್ತದೆ ಅಲ್ವಾ? ಮುಖ ಗುರುತಿಸಲು ಮಿದುಳಿಗೆ ಬೆಳಕು-ನೆರಳಿನ ದೊಡ್ಡ ದೊಡ್ಡ ತುಣುಕುಗಳೇ ಎಷ್ಟೋ ಸಲ ಸಾಕು.

ಈಗ ತೊಡೆಯ ಮೇಲಿನ ಮಗುವಿನ ಕಡೆಯಿಂದ ನೋಡೋಣ. ಹುಟ್ಟಿದಾಗ ಅಕ್ಷಿಪಟಲದ, ಅಂದರೆ ಕಣ್ಣಿನ ಹಿಂಬದಿಯಲ್ಲಿ ಬೆಳಕು ಗ್ರಹಿಸುವ ಪದರದ, ನಡುಭಾಗ ಇನ್ನೂ ಬಲಿತಿರುವುದಿಲ್ಲ. ಬಣ್ಣ ಮತ್ತು ಸೂಕ್ಷ್ಮ ವಿವರ ಗ್ರಹಿಸುವ ಅಲ್ಲಿನ ಶಂಕುಕೋಶಗಳು ಗಿಡ್ಡ, ದಪ್ಪ, ವಿರಳ. ಮಗುವಿಗೆ ಸ್ವಲ್ಪವಾದರೂ ಸರಿಯಾಗಿ ಕಾಣುವುದು 20–30 ಸೆಂಟಿಮೀಟರ್ ದೂರದಲ್ಲಿ. ಹಾಲು ಕುಡಿಯುವಾಗ ಅಮ್ಮನ ಮುಖ ಇರುವುದೂ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ. ಆಗಲೂ ಅಂಚುಗಳು ಮಸುಕು, ಬಣ್ಣ ತೀರಾ ಕಡಿಮೆ. ಕ್ಯಾರಿಯೇರ್‌ಗೆ ಇದೆಲ್ಲ ಗೊತ್ತಿದ್ದಿರುವ ಸಾಧ್ಯತೆ ಕಡಿಮೆ. ಆದರೂ ಅವರ ಕ್ಯಾನ್ವಾಸ್ ಮಗು ಕಂಡ ಅಮ್ಮನಿಗೆ ಬಹಳ ಹತ್ತಿರ ಬಂದಿದೆ.

1995ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನಾಲ್ಕು ದಿನದ ಶಿಶುಗಳು ಅಪರಿಚಿತ ಹೆಂಗಸಿಗಿಂತ ಅಮ್ಮನ ಮುಖವನ್ನೇ ಜಾಸ್ತಿ ಹೊತ್ತು ನೋಡಿದವು. ಇಬ್ಬರ ತಲೆಗೂ ವಸ್ತ್ರ ಕಟ್ಟಿ ಕೂದಲಿನ ಅಂಚನ್ನು ಮುಚ್ಚಿದಾಗ ಆ ಒಲವು ಕಾಣಲಿಲ್ಲ. ಕಪ್ಪು ಕೂದಲು ಬಿಳಿ ಹಣೆಗೆ ತಾಗುವ ಆ ಗೆರೆಯನ್ನು ಕ್ಯಾರಿಯೇರ್ ಚಿತ್ರದಲ್ಲಿ ಹುಡುಕಿ. ಕಂದು ಮಂಜು ಮಿಕ್ಕಿದ್ದನ್ನೆಲ್ಲ ನುಂಗಿದರೂ ಎಷ್ಟೋ ಸಲ ಅದು ಉಳಿದಿರುತ್ತದೆ.