ಬಾತ್‌ರೂಮಿನ ಹಗ್ಗದ ಸ್ವಿಚ್: ಹಗ್ಗ ಬದಲಿಸಿದರೆ ಸಾಕಾ, ಸ್ವಿಚ್ಚೇ ಬೇಕಾ?

“ಎಂತ ಮಾರಾಯ, ನಿನ್ನ ಸ್ವಿಚ್ಚಿನ ಬಾಲ ನನ್ನ ಕೈಗೇ ಬಂತಲ್ಲ!”

ಮಳೆಗಾಲದ ಒಂದು ಬೆಳಿಗ್ಗೆ ಬಾಯಮ್ಮನ ಫೋನು ಶುರುವಾದದ್ದೇ ಹೀಗೆ. ಮಲ್ಪೆ ಹತ್ತಿರ ತೊಟ್ಟಂನಲ್ಲಿ ಅವರ ಹಂಚಿನ ಮನೆ. ಮಗ ಇಂಗ್ಲೆಂಡಿನಲ್ಲಿ. ಮೂರು ವರ್ಷದ ಹಿಂದೆ ರಜೆಗೆ ಬಂದವ ಚಾಕಲೇಟಿನ ಜೊತೆ ಎರಡು ಹಗ್ಗದ ಸ್ವಿಚ್ಚನ್ನೂ ತಂದಿದ್ದ. ಹಾಕಿಕೊಟ್ಟವನು ನಾನು. ಈಗ ಹಗ್ಗ ತುಂಡಾಗಿ, ಆರಿಸಲಾಗದೆ ಲೈಟು ರಾತ್ರಿಯಿಡೀ ಉರಿದಿದೆ. ಬಾಯಮ್ಮನಿಗೆ ಬಿಲ್ಲಿನ ಚಿಂತೆ. 9 ವ್ಯಾಟಿನ ಎಲ್‌ಇಡಿ ಬಲ್ಬು ಹತ್ತು ಗಂಟೆ ಉರಿದರೂ ಒಂದು ಯೂನಿಟ್ಟಿನ ಹತ್ತರಲ್ಲಿ ಒಂದು ಪಾಲೂ ಆಗುವುದಿಲ್ಲ ಅಂದೆ. ನಂಬಲಿಲ್ಲ.

ಈ ಸ್ವಿಚ್ಚನ್ನು ನೋಡದವರಿಗಾಗಿ ಹೇಳುತ್ತೇನೆ. ಮಾಡಿಗೆ ಅಂಟಿಕೊಂಡ ಒಂದು ಬಿಳಿ ಡಬ್ಬಿ, ಅದರಿಂದ ಇಳಿದ ಹಗ್ಗ, ತುದಿಯಲ್ಲಿ ಪ್ಲಾಸ್ಟಿಕ್ ಗುಂಡು. ಎಳೆದರೆ ಟಕ್, ಆನ್. ಮತ್ತೆ ಎಳೆದರೆ ಟಕ್, ಆಫ್. ಗೋಡೆಗೆ ಹಾಕುವ ಫ್ಯಾನಿನಲ್ಲಿ ದಾರ ಇರುತ್ತದಲ್ಲ, ಅದೇ ಜಾತಿ. ಬ್ರಿಟನ್ನಿನ ಬಾತ್‌ರೂಮುಗಳಲ್ಲಿ ಇದು ತೀರಾ ಮಾಮೂಲು. ಒದ್ದೆ ಕೈ ಸ್ವಿಚ್ಚಿಗೆ ತಾಗಬಾರದು, ಅಷ್ಟೇ ಅದರ ಲೆಕ್ಕ. ಕರೆಂಟು ಇರುವ ಡಬ್ಬಿ ಮೇಲೆ, ಕೈ ಕೆಳಗೆ, ನಡುವೆ ಬರೀ ಹಗ್ಗ.

ನಮ್ಮಲ್ಲಿ ಅದೇ ಕೆಲಸವನ್ನು ಬಾಗಿಲು ಮಾಡುತ್ತದೆ. ನೀರು ಒಳಗೆ, ಸ್ವಿಚ್ ಹೊರಗೆ. ನನ್ನನ್ನು ಕೇಳಿದರೆ ಹೆಚ್ಚಿನ ಮನೆಗಳಿಗೆ ಅದೇ ಸಾಕು, ಸುಮ್ನೆ ಖರ್ಚು ಮಾಡಬೇಡಿ ಅನ್ನುತ್ತೇನೆ. ಆದರೆ ಕೆಲವು ಹೊಸ ಫ್ಲ್ಯಾಟುಗಳಲ್ಲಿ ಸ್ವಿಚ್‌ಬೋರ್ಡನ್ನು ಬಾತ್‌ರೂಮಿನ ಒಳಗೇ, ಶವರಿನ ಹತ್ತಿರವೇ ಕೂರಿಸಿರುತ್ತಾರೆ. ನೋಡಲು ಚಂದ, ಅಷ್ಟೇ. ನಮ್ಮ ಸ್ನಾನದಲ್ಲಿ ನೀರು ನಾಲ್ಕೂ ಗೋಡೆಗೆ ಹಾರುತ್ತದೆ, ಗೊತ್ತಲ್ವಾ? ಅಂಥ ಕಡೆ ಲೈಟಿಗೆ ಹಗ್ಗದ ಸ್ವಿಚ್ ಹಾಕುವುದರಲ್ಲಿ ಅರ್ಥ ಉಂಟು.

ಬಾಯಮ್ಮನ ಸ್ವಿಚ್ಚಿಗೆ ಬರುತ್ತೇನೆ. ಹಗ್ಗ ತುಂಡಾದರೆ ಮೊದಲು ನೋಡಬೇಕಾದದ್ದು ಎಲ್ಲಿ ತುಂಡಾಗಿದೆ ಅಂತ. ಡಬ್ಬಿಯಿಂದ ಒಂದು ಗೇಣು ಕೆಳಗೆ ಹೆಚ್ಚಾಗಿ ಮಣಿಯಂಥ ಒಂದು ಜೋಡಣೆ ಇರುತ್ತದೆ. ತಿರುಗಿಸಿದರೆ ಎರಡು ಹೋಳಾಗುತ್ತದೆ. ಅದರ ಕೆಳಗೆ ತುಂಡಾಗಿದ್ದರೆ ನನ್ನನ್ನು ಕರೆಯುವ ಕೆಲಸವೇ ಇಲ್ಲ. ಹೊಸ ಹಗ್ಗ ತೂರಿಸಿ ಗಂಟು ಹಾಕಿ, ಮುಗಿಯಿತು. ಅದರ ಮೇಲೆ ತುಂಡಾಗಿದ್ದರೆ ಡಬ್ಬಿ ಬಿಚ್ಚಲೇಬೇಕು.

ಇಲ್ಲಿ ತುಂಡಾದದ್ದು ಮೇಲೆ. ಡಬ್ಬಿಯ ತೂತಿನ ಬಾಯಲ್ಲೇ ಹಗ್ಗ ಸವೆದು, ತುದಿ ಹಳೇ ಕುಂಚದ ಹಾಗೆ ಕೆದರಿಕೊಂಡಿತ್ತು. ತಪ್ಪು ನನ್ನದೇ. ಪಕ್ಕಾಸು (ಮಾಡಿನ ಮರದ ಪಟ್ಟಿ) ಸಿಕ್ಕಿದ ಕಡೆ ಹೊಡೆದುಬಿಡುವ ಅಂತ ಸ್ವಿಚ್ಚನ್ನು ಕೋಣೆಯ ನಡುವೆ ಕೂರಿಸಿದ್ದೆ. ಬಾಯಮ್ಮ ಬಾಗಿಲಲ್ಲೇ ನಿಂತು ಓರೆಯಾಗಿ ಎಳೆಯುತ್ತಿದ್ದರು. ಎಳೆದಾಗಲೆಲ್ಲ ಹಗ್ಗ ತೂತಿನ ಅಂಚಿಗೆ ಉಜ್ಜುತ್ತಿತ್ತು. ಹಗ್ಗ ನೇರ ಕೆಳಗೆ ಎಳೆಯುವ ಹಾಗೆ, ಬಾಗಿಲು ದಾಟಿದ ಕೂಡಲೇ ಕೈಗೆ ಸಿಗುವ ಜಾಗದಲ್ಲಿ ಇರಬೇಕು. ಅದಕ್ಕೆ ಎರಡು ಪಕ್ಕಾಸಿನ ನಡುವೆ ಒಂದು ಮರದ ತುಂಡು ಹೊಡೆದರೆ ಆಯಿತು. ಅವತ್ತು ಸೋಮಾರಿತನ ಮಾಡಿದ್ದೆ.

ಮುಚ್ಚಳ ತೆಗೆದರೆ ಒಳಗೆ ಇನ್ನೊಂದು ಕಥೆ. ಹಗ್ಗ ಎಳೆದಾಗ ಒಂದು ಹಲ್ಲಿನ ಚಕ್ರ ಒಂದು ಹೆಜ್ಜೆ ತಿರುಗುತ್ತದೆ, ಸ್ಪ್ರಿಂಗ್ ಹಗ್ಗವನ್ನು ವಾಪಸ್ ಎಳೆದುಕೊಳ್ಳುತ್ತದೆ. ಆ ಸ್ಪ್ರಿಂಗಿಗೆ ತುಕ್ಕು. ವಯರು ಬಿಗಿಯುವ ಹಿತ್ತಾಳೆ ಸ್ಕ್ರೂಗಳಿಗೆ ಹಸಿರು ಕಿಲುಬು. ಮೂರೇ ವರ್ಷಕ್ಕೆ! ಸಮುದ್ರ ಕೂಗಳತೆ ದೂರದಲ್ಲಿದೆ, ಮೇಲಿಂದ ಸ್ನಾನದ ಹಬೆ ಬೇರೆ. ಇಂಥ ಸ್ವಿಚ್ಚಿಗೆ ಹೊಸ ಹಗ್ಗ ಪೋಣಿಸಿ ಮತ್ತೆ ಮೇಲೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಕಿಲುಬು ಹಿಡಿದ ಕಡೆ ವಯರು ಬಿಸಿಯಾಗುತ್ತದೆ. ಏಣಿ ಹತ್ತುವ ಕೂಲಿ ಎರಡಕ್ಕೂ ಒಂದೇ. ಎರಡನೇ ಸ್ವಿಚ್ ಹೇಗೂ ಕಪಾಟಿನಲ್ಲಿತ್ತು, ಅದನ್ನೇ ಹಾಕಿದೆ. ಈ ಸಲ ಡಬ್ಬಿ ಕೂರಿಸಲಿಕ್ಕೆ ಸ್ಟೇನ್‌ಲೆಸ್ ಸ್ಕ್ರೂ.

ಒಳಗಿನ ಸ್ಕ್ರೂ ಫಳಫಳ ಅಂತಿದ್ದು, ಟಕ್ ಅನ್ನುವ ಸದ್ದು ಗಟ್ಟಿಯಾಗಿದ್ದರೆ ಹಗ್ಗ ಮಾತ್ರ ಬದಲಿಸಿ. ಎಳೆದರೆ ಸದ್ದೇ ಇಲ್ಲ, ಲೈಟು ಮಿಣುಕುತ್ತದೆ, ಹಗ್ಗ ಮೇಲೆ ಹೋಗದೆ ಜೋತುಬೀಳುತ್ತದೆ, ಮುಚ್ಚಳ ಕಂದು ಬಣ್ಣಕ್ಕೆ ತಿರುಗಿದೆ ಅಂತಾದರೆ ಸ್ವಿಚ್ಚಿಗೇ ವಿದಾಯ.

ಯಾವ ಹಗ್ಗ ಅನ್ನುವುದು ಸಣ್ಣ ಮಾತಲ್ಲ. ಒಂದು ಮನೆಯಲ್ಲಿ ಕಬ್ಬಿಣದ ಸರಿಗೆ ಕಟ್ಟಿದ್ದರು, ಗಟ್ಟಿ ಇರಲಿ ಅಂತ! ಡಬ್ಬಿಯೊಳಗೆ ಒಂದು ವಯರು ಕಳಚಿ ಆ ಸರಿಗೆಗೆ ತಾಗಿದರೆ, ಒದ್ದೆ ಕೈಯಲ್ಲಿ ಹಿಡಿಯುವುದು ಸೀದಾ ಕರೆಂಟನ್ನೇ. ಉಕ್ಕಿನ ಚೈನೂ ಬೇಡ. ಹತ್ತಿಯ ದಾರ ನೀರು ಕುಡಿಯುತ್ತದೆ, ಬೂಸ್ಟು ಹಿಡಿಯುತ್ತದೆ. ಮಲ್ಪೆಯಲ್ಲಿ ಬಲೆ ಹೆಣೆಯುವ ನೈಲಾನ್ ದಾರ ಸಿಗುತ್ತದೆ. ಕೊಳೆಯುವುದಿಲ್ಲ, ಸಾಬೂನು ಹಚ್ಚಿ ತೊಳೆಯಬಹುದು. ನಾನು ಹಾಕುವುದು ಅದನ್ನೇ.

ಈಗ ಜೀವದ ವಿಷಯ. ಏಣಿ ಹತ್ತುವ ಮೊದಲು ಮೇನ್ ಆಫ್ ಮಾಡುತ್ತೀರಿ, ಒಳ್ಳೆಯದು. ಆದರೆ ಮಳೆಗಾಲದಲ್ಲಿ ಕರೆಂಟಿನ ಕಣ್ಣಾಮುಚ್ಚಾಲೆ ನೋಡಿ ನೋಡಿ ನಮ್ಮ ಕಡೆ ಎಷ್ಟೋ ಮನೆಯಲ್ಲಿ ಇನ್ವರ್ಟರ್ ಉಂಟು. ಬಾತ್‌ರೂಮಿನ ಲೈಟು ಹೆಚ್ಚಾಗಿ ಅದೇ ಲೈನಿನಲ್ಲಿ ಇರುತ್ತದೆ. ನೀವು ಮೇನ್ ಇಳಿಸಿದ ಕೂಡಲೇ ಇನ್ವರ್ಟರು ಕರೆಂಟು ಹೋಯಿತು ಅಂದುಕೊಂಡು ಅದೇ ವಯರಿಗೆ 230 ವೋಲ್ಟ್ ಕೊಡುತ್ತದೆ. ಬಾಯಮ್ಮನ ಮನೆಯಲ್ಲೂ ಹಾಗೇ ಆಯಿತು. ಮೇನ್ ಇಳಿಸಿದೆ, ಒಳಗೆ ಬಂದು ನೋಡಿದರೆ ಲೈಟು ಉರಿಯುತ್ತಲೇ ಇದೆ. ಉರಿಯುತ್ತಿತ್ತು ಅಂತ ಗೊತ್ತಾಯಿತು. ಬಲ್ಬು ಸುಟ್ಟಿದ್ದರೆ? ಹಾಗಾಗಿ ಇನ್ವರ್ಟರನ್ನೂ ಆಫ್ ಮಾಡಿ, ಆಮೇಲೆ ಟೆಸ್ಟರ್ ಇಟ್ಟು ನೋಡಿ. ಆ ಟೆಸ್ಟರ್ ಸರಿ ಉಂಟಾ ಅಂತ ಕರೆಂಟು ಇರುವ ಪ್ಲಗ್ಗಿನಲ್ಲಿ ಮೊದಲೇ ನೋಡಿಕೊಂಡಿರಬೇಕು.

ಹಗ್ಗದ ಸ್ವಿಚ್ಚಿಗೆ ಒಂದು ಕೆಟ್ಟ ಗುಣ ಉಂಟು. ಆನ್ ಆಗಿದೆಯಾ ಆಫ್ ಆಗಿದೆಯಾ ಅಂತ ಮುಖ ನೋಡಿ ಹೇಳಲಿಕ್ಕೆ ಬರುವುದಿಲ್ಲ. ಗೋಡೆಯ ಸ್ವಿಚ್ಚಾದರೆ ಮೇಲೆ ಕೆಳಗೆ ಕಾಣುತ್ತದೆ. ಇದರಲ್ಲಿ ಹಗ್ಗ ಯಾವಾಗಲೂ ಒಂದೇ ಥರ ನೇತಾಡುತ್ತಿರುತ್ತದೆ. ಬಲ್ಬು ಹೋದಾಗ ಎರಡು ಸಲ ಎಳೆದು ನೋಡುತ್ತೀರಿ, ಮತ್ತೊಮ್ಮೆ ಎಳೆಯುತ್ತೀರಿ, ಲೆಕ್ಕ ತಪ್ಪುತ್ತದೆ. ಆಮೇಲೆ ಹೋಲ್ಡರಿಗೆ ಕೈ. ಬಲ್ಬು ಬದಲಿಸುವಾಗಲೂ ಎಂಸಿಬಿ (ಬೋರ್ಡಿನಲ್ಲಿ ಆ ಲೈನಿನ ಸಣ್ಣ ಸ್ವಿಚ್) ಇಳಿಸಿ, ಇನ್ವರ್ಟರನ್ನೂ ಆಫ್ ಮಾಡುವುದೇ ಸರಿ.

ಹಳೇ ಸ್ವಿಚ್ಚಿನ ವಯರು ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ‘ಕಾಮನ್’ ಅಂತ ಗುರುತಿರುವ ಕಡೆ ಫೇಸ್ (ಕರೆಂಟು ಬರುವ ವಯರು), ‘ಎಲ್ 1’ ಅನ್ನುವ ಕಡೆ ಬಲ್ಬಿಗೆ ಹೋಗುವ ವಯರು. ಮೂರನೆಯ ಜಾಗ ಟೂ-ವೇ, ಅಂದರೆ ಒಂದೇ ಲೈಟಿಗೆ ಎರಡು ಕಡೆ ಸ್ವಿಚ್ ಮಾಡುವವರಿಗೆ. ಬಣ್ಣವನ್ನು ಮಾತ್ರ ನಂಬಬೇಡಿ. ಹಳೇ ಮನೆಗಳಲ್ಲಿ ಕೈಗೆ ಸಿಕ್ಕಿದ ಬಣ್ಣ ಎಳೆದಿರುತ್ತಾರೆ. ಸ್ವಿಚ್ಚಿನಲ್ಲಿ ಫೇಸ್ ಬದಲು ನ್ಯೂಟ್ರಲ್ (ಕರೆಂಟು ವಾಪಸ್ ಹೋಗುವ ವಯರು) ಬಂದಿದ್ದರೆ ಲೈಟು ಆರುತ್ತದೆ ನಿಜ, ಹೋಲ್ಡರಿನಲ್ಲಿ ಕರೆಂಟು ಹಾಗೇ ಇರುತ್ತದೆ.

ಕೊಳ್ಳುವಾಗ ಆಂಪಿಯರ್ ನೋಡಿ. ಲೈಟಿನ ಹಗ್ಗದ ಸ್ವಿಚ್ ಸಾಮಾನ್ಯವಾಗಿ 6 ಆಂಪಿಯರ್. 3 ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರ್ ಎಳೆಯುವುದು 13 ಆಂಪಿಯರ್. ಹಗ್ಗ ಹೇಗೂ ಉಂಟಲ್ಲ ಅಂತ ಗೀಸರನ್ನೂ ಅದಕ್ಕೇ ಜೋಡಿಸಿದರೆ ಒಳಗೆ ಕರಗಿ ಹೋಗುತ್ತದೆ. ಬ್ರಿಟನ್ನಿನಲ್ಲಿ ಕರೆಂಟಿನ ಶವರಿಗೆಂದೇ 45 ಆಂಪಿಯರಿನ ದೊಡ್ಡ ಹಗ್ಗದ ಸ್ವಿಚ್ ಬೇರೆ ಉಂಟು. ನಮಗೆ ಅದು ಬೇಡ. ಗೀಸರಿಗೆ ಬಾಗಿಲ ಹೊರಗೆ 20 ಆಂಪಿಯರಿನ ಡಿಪಿ ಸ್ವಿಚ್. ಅದು ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುತ್ತದೆ. ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್) ಇಲ್ಲದಿದ್ದರೆ ಹಗ್ಗದ ಸ್ವಿಚ್ಚಿನ ದುಡ್ಡನ್ನು ಮೊದಲು ಅದಕ್ಕೆ ಹಾಕಿ.

ಜಾಗದ ಬಗ್ಗೆ ಇನ್ನೊಂದು ಮಾತು. ಶವರಿನ ಜಾಗದಲ್ಲಿ ನೆಲದಿಂದ 2.25 ಮೀಟರ್ ಎತ್ತರದವರೆಗೆ ಸ್ವಿಚ್ ಡಬ್ಬಿ ಬರಬಾರದು ಅಂತ ಹೊರದೇಶದ ನಿಯಮ. ನಮ್ಮ ಬಾತ್‌ರೂಮಿನ ಲಾಫ್ಟ್ 7 ಅಡಿಗೆ ಇರುತ್ತದೆ, ಅಂದರೆ 2.1 ಮೀಟರ್. ಶವರಿನ ಮೇಲಿನ ಲಾಫ್ಟಿನ ಅಡಿಗೆ ಹಾಕಬೇಡಿ. ಪಿವಿಸಿ ಸೀಲಿಂಗಿಗೂ ಬೇಡ. ದಿನಕ್ಕೆ ಹತ್ತು ಸಲ ಎಳೆಯುವಾಗ ಆ ತೆಳು ಹಲಗೆ ಬಾಗುತ್ತದೆ.

ಹೊರಡುವಾಗ ಬಾಯಮ್ಮ ಚಾ ಕೊಟ್ಟು ಕೇಳಿದರು, “ಒಳಗೆ ನಾನು ಬಿದ್ದರೆ ಯಾರಿಗೆ ಗೊತ್ತಾಗ್ತದೆ?” ಬ್ರಿಟನ್ನಿನಲ್ಲಿ ಅಂಗವಿಕಲರ ಟಾಯ್ಲೆಟ್ಟಿನಲ್ಲಿ ಒಂದು ಕೆಂಪು ಹಗ್ಗ ಇರುತ್ತದೆ. ಅದಕ್ಕೆ ಎರಡು ಕೆಂಪು ಬಳೆ. ಒಂದು ಕೈಯೆತ್ತರಕ್ಕೆ, ಇನ್ನೊಂದು ನೆಲದಿಂದ 10 ಸೆಂಟಿಮೀಟರ್ ಮೇಲೆ. ಬಿದ್ದವರೂ ಎಳೆಯಬಹುದು. ಇದೇ ಸ್ವಿಚ್ಚಿನಿಂದ ಅದನ್ನು ಮಾಡಬಹುದು. ಒಮ್ಮೆ ಎಳೆದರೆ, ಇನ್ನೊಬ್ಬರು ಬಂದು ಮತ್ತೆ ಎಳೆಯುವವರೆಗೆ ಬಜರ್ ನಿಲ್ಲುವುದಿಲ್ಲ. ಬ್ಯಾಟರಿಯ ಬಜರ್ ಸಾಕು, ಮನೆಯ ಕರೆಂಟು ಬೇಡವೇ ಬೇಡ.

ಮಗನಿಗೆ ಇನ್ನೊಂದು ಸ್ವಿಚ್ ತರಲು ಹೇಳಿದ್ದಾರೆ. ಬಜರ್ ಅಡುಗೆಮನೆಯಲ್ಲಿ ಇಡಬೇಕಾ, ಪಕ್ಕದ ಮನೆಯ ಜಗಲಿಯಲ್ಲಾ ಅಂತ ಇನ್ನೂ ತೀರ್ಮಾನ ಆಗಿಲ್ಲ.