ವಾಯ್ಸ್ ಮೆಸೇಜಿನಲ್ಲಿ ಬಂದ ಇಂಗ್ಲಿಷ್

"ಹುಡುಗರಿಗೆ ಆಸಕ್ತಿನೇ ಇಲ್ರೀ." 2020ರ ಲಾಕ್‌ಡೌನ್‌ನಲ್ಲಿ ನಮ್ಮ ಸ್ಟಾಫ್ ವಾಟ್ಸಾಪ್ ಗ್ರೂಪಿನಲ್ಲಿ ದಿನಾ ಇದೇ ಮಾತು. ಬಾಗಲಕೋಟೆ ಜಿಲ್ಲೆಯ ಡಿಗ್ರಿ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುವ ನಾನೂ ಹಾಗೇ ಬರೆದಿದ್ದೆ. ಗೂಗಲ್ ಮೀಟ್‌ನಲ್ಲಿ ಏನು ಕೇಳಿದರೂ ಉತ್ತರ ಇಲ್ಲ. ಎಲ್ಲರ ಕ್ಯಾಮೆರಾ ಆಫ್, ಮೈಕ್ ಮ್ಯೂಟ್.

ಕೊನೆಗೆ ಒಬ್ಬ ವಿದ್ಯಾರ್ಥಿನಿಗೆ ಫೋನ್ ಮಾಡಿದೆ. "ಸರ್, ಮನ್ಯಾಗ ಇಂಗ್ಲಿಷ್ ಮಾತಾಡಿದ್ರ ಎಲ್ಲಾರೂ ನಗತಾರ್ರಿ" ಅಂದಳು. ಇರುವುದೊಂದೇ ಪಡಸಾಲೆ. ಅಲ್ಲೇ ಅಜ್ಜಿ, ಅಲ್ಲೇ ಟಿವಿ. ಫೋನ್ ಅಣ್ಣನದು, ಅವನು ಕಬ್ಬಿನ ಹೊಲದಿಂದ ಬಂದ ಮೇಲೆ ಕೈಗೆ ಸಿಗುವುದು. ಇತಿಹಾಸದ ಪಾಠ ಸುಮ್ನೆ ಕೇಳಬಹುದು, ಇಂಗ್ಲಿಷ್‌ಗೆ ಬಾಯಿ ಬಿಡಬೇಕಲ್ವಾ?

ಆನ್‌ಲೈನ್ ಬೇಡ ಅನ್ನುವುದಕ್ಕೆ ನಾವು ಕೊಟ್ಟ ಕಾರಣ ನೆಟ್‌ವರ್ಕ್. ನನ್ನ ಮಟ್ಟಿಗೆ ಅದು ಅರ್ಧ ನಿಜ. ನಾನು ಕನ್ನಡ ಮಾಧ್ಯಮದಲ್ಲಿ ಓದಿದವನು. ಕ್ಲಾಸಿನಲ್ಲಿ ಒಂದು 'ಇನ್', ಒಂದು 'ಆನ್' ತಪ್ಪಿದರೆ ಯಾರಿಗೂ ನೆನಪಿರುವುದಿಲ್ಲ. ರೆಕಾರ್ಡ್ ಆದರೆ ಉಳಿಯುತ್ತದೆ. ಯಾರ ಮನೆಯಲ್ಲಿ ಯಾರು ಕೇಳುತ್ತಾರೋ! ಆ ಹುಡುಗಿಯ ಹೆದರಿಕೆಯೇ ನನಗೂ ಇತ್ತು. ಒಪ್ಪಿಕೊಳ್ಳಲು ತಡವಾಯಿತು, ಅಷ್ಟೇ.

ಆಮೇಲೆ ಮೀಟ್ ಕಡಿಮೆ ಮಾಡಿ ವಾಯ್ಸ್ ಮೆಸೇಜ್ ಕೇಳಿದೆ. ವಾರಕ್ಕೊಮ್ಮೆ, ಒಂದು ನಿಮಿಷ. ಗ್ರೂಪಿಗಲ್ಲ, ನನಗೊಬ್ಬನಿಗೇ. ಮೊದಲು ನನ್ನದೇ ಒಂದನ್ನು ಕಳಿಸಿದೆ, ತೊದಲಿದ್ದನ್ನೂ ಹಾಗೇ ಬಿಟ್ಟು. ಕ್ಲಾಸಿನಲ್ಲಿ ತಲೆಯನ್ನೇ ಎತ್ತದಿದ್ದ ಒಬ್ಬ ತನ್ನ ಆಡುಗಳ ಬಗ್ಗೆ ಮಾತಾಡಿದ. ಹಿಂದೆ ಗಂಟೆ ಸದ್ದು. 'ಗೋಟ್ ಈಟಿಂಗ್ ಮೈ ನೋಟ್‌ಬುಕ್ ಸರ್' ಅನ್ನುವಾಗ ಅವನಿಗೇ ನಗು. ಐದು ಸಲ ಅಳಿಸಿ ಹೇಳಿದ್ದನಂತೆ. ಅರವತ್ತು ಜನರ ಕ್ಲಾಸಿನಲ್ಲಿ ಒಬ್ಬನಿಗೆ ಐದು ಸಲ ಮಾತಾಡುವ ಅವಕಾಶ ಯಾವಾಗ ಸಿಗುತ್ತದೆ?

ಕೆಲಸ ಜಾಸ್ತಿ, ನಿಜ. ಅರವತ್ತು ಮೆಸೇಜು ಕೇಳಲು ಒಂದು ಗಂಟೆಯಾದರೂ ಬೇಕು. ಒಬ್ಬರಿಗೆ ಒಂದೇ ತಪ್ಪು ಹೇಳುತ್ತೇನೆ. ಎಲ್ಲವನ್ನೂ ತಿದ್ದಿದರೆ ಮುಂದಿನ ವಾರ ಮೆಸೇಜೇ ಬರುವುದಿಲ್ಲ.

ಕಾಲೇಜು ತೆರೆದ ಮೇಲೂ ಇದನ್ನು ಬಿಟ್ಟಿಲ್ಲ. ಉಚ್ಚಾರಣೆಗೆ ಮಾತ್ರ ಇದು ಸಾಲದು. ಫೋನಿನಲ್ಲಿ 'ಎಫ್', 'ಎಸ್' ಎರಡೂ ಎಷ್ಟೋ ಸಲ ಒಂದೇ ಥರ ಕೇಳಿಸುತ್ತವೆ. 'ಫ್ಯಾನ್' ಅನ್ನಲು ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ನಾವು ಎರಡೂ ತುಟಿ ಮುಚ್ಚಿಬಿಡುತ್ತೇವೆ. ಅದನ್ನು ಕಣ್ಣಲ್ಲಿ ನೋಡಿಯೇ ಕಲಿಯಬೇಕು. ಕಾಲೇಜು ತೆರೆದ ಹೊಸದರಲ್ಲಿ ಮಾಸ್ಕ್ ಬಂದು ತುಟಿ ಅಲ್ಲೂ ಕಾಣಲಿಲ್ಲ! ಈಗ ಆ ಪಾಠಕ್ಕೆ ಪ್ರತಿ ಸೋಮವಾರ ಹತ್ತು ನಿಮಿಷ ಎತ್ತಿಟ್ಟಿದ್ದೇನೆ.